1.6 ಟಿಡಿಐ ಕಾರಿನ ಹೊಗೆ ರೀಕಾಲ್: ಹದಿನಾಲ್ಕು ತಿಂಗಳು ತಡ ಮಾಡಿ ಮಾಡಿಸಿಕೊಂಡವನ ಅನುಭವ

ನನ್ನದು 2012ರ ಫೋಕ್ಸ್‌ವ್ಯಾಗನ್ ವೆಂಟೊ, 1.6 ಲೀಟರ್ ಟಿಡಿಐ ಡೀಸೆಲ್, ಐದು ಗೇರಿನ ಮ್ಯಾನುಯಲ್, ಮೊದಲ ಮಾಲೀಕ ನಾನೇ. ಹೊಗೆ ಪ್ರಮಾಣ ಸರಿಪಡಿಸಲು ಕಂಪನಿ ಗಾಡಿಗಳನ್ನು ವಾಪಸ್ ಕರೆಸಿಕೊಳ್ಳುವ ರೀಕಾಲ್ ಬಗ್ಗೆ ಪತ್ರ ಬಂದದ್ದು 2016ರ ಡಿಸೆಂಬರಿನಲ್ಲಿ. ಅದನ್ನು ಗ್ಲೌ ಬಾಕ್ಸಿನಲ್ಲಿ ಇಟ್ಟುಕೊಂಡೇ ತಿರುಗಾಡಿ, ಕೊನೆಗೆ 2018ರ ಫೆಬ್ರುವರಿಯಲ್ಲಿ, ಗಾಡಿ 71,400 ಕಿಲೋಮೀಟರ್ ಓಡಿದ್ದಾಗ ಮಾಡಿಸಿದೆ. ಈಗ 1,46,000 ದಾಟಿದೆ. ಈ ಎಂಜಿನ್ನಿನ ಕಾರುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇನ್ನೂ ಕೈ ಬದಲಾಗುತ್ತಿವೆ. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ "ರೀಕಾಲ್ ಆಗಿದೆಯಾ, ಆಗದಿದ್ದರೆ ಮಾಡಿಸಬೇಕಾ" ಎಂಬುದೂ ಒಂದು. ಅದಕ್ಕೆ ನನ್ನ ಲೆಕ್ಕದ ಪುಸ್ತಕ ನೋಡಿಕೊಂಡು ಬರೆಯುತ್ತಿದ್ದೇನೆ.

ಹಿನ್ನೆಲೆ ಬಹುತೇಕರಿಗೆ ಗೊತ್ತಿರುವುದೇ. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಫೋಕ್ಸ್‌ವ್ಯಾಗನ್ ಕಂಪನಿಗೆ ನೋಟಿಸ್ ನೀಡಿತು. ಸ್ಟಿಯರಿಂಗ್ ತಿರುಗದೆ ಚಕ್ರಗಳು ಮಾತ್ರ ತಿರುಗುವುದು, ವೇಗ ನಿಗದಿತ ಕ್ರಮದಲ್ಲಿ ಏರಿಳಿಯುವುದು ಮುಂತಾದ ಸುಳಿವುಗಳಿಂದ ಗಾಡಿ ಪ್ರಯೋಗಶಾಲೆಯ ರೋಲರ್ ಮೇಲಿದೆ ಎಂದು ಅರಿಯುವ, ಕಂಪನಿಯ ಡೀಸೆಲ್ ಕಾರುಗಳಲ್ಲಿದ್ದ ಸಾಫ್ಟ್‌ವೇರ್, ಆಗ ಮಾತ್ರ ಹೊಗೆ ನಿಯಂತ್ರಣವನ್ನು ಪೂರ್ತಿ ನಡೆಸಿ, ರಸ್ತೆಗೆ ಬಂದೊಡನೆ ಸಡಿಲಿಸುತ್ತಿತ್ತು. ಇದು ಬಯಲಿಗೆ ಬರಲು ಮೂಲವಾದ ರಸ್ತೆ ಪರೀಕ್ಷೆಗಳನ್ನು ಮಾಡಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ. ಅಳತೆಯ ಯಂತ್ರಗಳನ್ನು ಕಾರಿಗೇ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದ ಆ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಅವರೂ ಇದ್ದರು ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ.

ಭಾರತದಲ್ಲಿ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ ನನ್ನ ಗಾಡಿಯಲ್ಲೂ ಇರುವ ಇಎ189 ಸರಣಿಯ ಡೀಸೆಲ್ ಎಂಜಿನ್ನುಗಳು ರಸ್ತೆಯ ಮೇಲೆ ಬಿಎಸ್ 4 (ಆಗಿನ ಭಾರತದ ಹೊಗೆ ಮಾನದಂಡ) ಮಿತಿಯ 1.1ರಿಂದ 2.6 ಪಟ್ಟು ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಬಿಡುತ್ತಿರುವುದು ಕಂಡುಬಂತು. 2015ರ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್, ಸ್ಕೋಡಾ ಮತ್ತು ಆಡಿ ಸೇರಿ 3,23,700 ಕಾರುಗಳ ರೀಕಾಲ್ ಪ್ರಕಟವಾಯಿತು. ನಾವು ಇಲ್ಲಿಯ ನಿಯಮ ಮುರಿದಿಲ್ಲ, ಇದು ಸ್ವಯಂಪ್ರೇರಿತ ಕ್ರಮ ಎಂಬುದು ಕಂಪನಿಯ ನಿಲುವು. 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಸದ್ಯಕ್ಕೆ ಕಂಪನಿಯ ವಿರುದ್ಧ ಬಲವಂತದ ಕ್ರಮ ಬೇಡವೆಂದು ಸುಪ್ರೀಂ ಕೋರ್ಟ್ ಹೇಳಿತು. ಅಮೆರಿಕದ ಮಾಲೀಕರಿಗೆ ಕಾರನ್ನು ಕಂಪನಿಗೇ ಮರಳಿಸಿ ಹಣ ಪಡೆಯುವ ಅವಕಾಶವಿತ್ತು, ಉಳಿಸಿಕೊಂಡು ದುರಸ್ತಿ ಮಾಡಿಸಿದವರಿಗೂ ಪರಿಹಾರ ಸಿಕ್ಕಿತು. ಜರ್ಮನಿಯಲ್ಲಿ ಮಾಡಿಸದೆ ಬಿಟ್ಟರೆ ನೋಂದಣಿಯೇ ಹೋಗುವ ಪರಿಸ್ಥಿತಿ ಬಂತು. ನಮಗೆ ಪರಿಹಾರವೂ ಇಲ್ಲ, ಒತ್ತಾಯವೂ ಇಲ್ಲ. ಹಾಗಾಗಿ ತೀರ್ಮಾನದ ಭಾರ ಪೂರ್ತಿಯಾಗಿ ಮಾಲೀಕನ ಮೇಲೆಯೇ ಬಿತ್ತು.

ನಾನು ಹಿಂಜರಿದದ್ದಕ್ಕೆ ಕಾರಣ ಯೂರೋಪಿನಿಂದ ಬರುತ್ತಿದ್ದ ದೂರುಗಳು. ಸಾಫ್ಟ್‌ವೇರ್ ಬದಲಾದ ಮೇಲೆ ಇಜಿಆರ್ ವಾಲ್ವ್ (ಸುಟ್ಟ ಅನಿಲವನ್ನು ಎಂಜಿನ್ನಿಗೆ ಮರಳಿಸುವ ಭಾಗ) ಕಟ್ಟಿಕೊಳ್ಳುತ್ತದೆ, ಪಿಕಪ್ ಹೋಗುತ್ತದೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಪದೇಪದೇ ತುಂಬುತ್ತದೆ ಎಂದು ಮಾಲೀಕರು ಹೇಳುತ್ತಿದ್ದರು. ಅಲ್ಲಿ ಕಂಪನಿಯೇ ಮುಂದೆ ಬಂದು, ತಿದ್ದುಪಡಿಯಾದ 24 ತಿಂಗಳೊಳಗೆ, ಗಾಡಿ 2,50,000 ಕಿಲೋಮೀಟರ್ ದಾಟಿರದಿದ್ದರೆ, ಕೆಲವು ಗೊತ್ತುಪಡಿಸಿದ ಭಾಗಗಳ ಬಗೆಗಿನ ದೂರುಗಳನ್ನು ಪರಿಗಣಿಸುವುದಾಗಿ ಭರವಸೆ ನೀಡಬೇಕಾಯಿತು. ದೂರುಗಳಲ್ಲಿ ಏನೂ ಹುರುಳಿಲ್ಲದಿದ್ದರೆ ಅಂಥ ಭರವಸೆಯ ಅಗತ್ಯವೇ ಇರುತ್ತಿರಲಿಲ್ಲವಲ್ಲ ಎಂಬುದು ಆಗಿನ ನನ್ನ ತರ್ಕ.

ಆ ತರ್ಕ ತಪ್ಪಲ್ಲ, ಆದರೆ ಅರೆಬರೆ. ಡೀಸೆಲ್ ಎಂಜಿನ್ನಿನಲ್ಲಿ ಸಿಲಿಂಡರಿನೊಳಗಿನ ಉರಿಯ ಬಿಸಿ ಹೆಚ್ಚಾದಷ್ಟೂ ನೈಟ್ರೋಜನ್ ಆಕ್ಸೈಡ್ ಹೆಚ್ಚು ಹುಟ್ಟುತ್ತದೆ. ಸುಟ್ಟ ಅನಿಲದ ಒಂದು ಪಾಲನ್ನು ಇಜಿಆರ್ ಮೂಲಕ ಮತ್ತೆ ಒಳಗೆ ಬಿಟ್ಟರೆ ಬಿಸಿ ಇಳಿದು ಆಕ್ಸೈಡ್ ಕಡಿಮೆಯಾಗುತ್ತದೆ, ಆದರೆ ಮಸಿ ಹೆಚ್ಚುತ್ತದೆ. ಒಂದನ್ನು ಅದುಮಿದರೆ ಇನ್ನೊಂದು ಎದ್ದು ಕೂರುವ ಈ ಜಗ್ಗಾಟ ಡೀಸೆಲ್ಲಿನ ಹುಟ್ಟುಗುಣ. ಆದ್ದರಿಂದ ಇಜಿಆರ್ ಹೆಚ್ಚು ಕೆಲಸ ಮಾಡಿದರೆ ಮಸಿಯೂ ಹೆಚ್ಚು ಕೂರುವುದು ಸಹಜ ಎಂಬ ಯೂರೋಪಿನವರ ಆತಂಕಕ್ಕೆ ಆಧಾರವಿದೆ. ಆದರೆ ನನ್ನ ಬಿಎಸ್ 4 ಗಾಡಿಯಲ್ಲಿ ಡಿಪಿಎಫ್ ಇಲ್ಲವೇ ಇಲ್ಲ. ಅಲ್ಲಿಯ ದೂರುಗಳಲ್ಲಿ ಒಂದು ದೊಡ್ಡ ಪಾಲು ನನಗೆ ಅನ್ವಯಿಸುವುದೇ ಇಲ್ಲ. ಪತ್ರ ಬಂದ ವಾರವೇ ಇದನ್ನು ಬಿಡಿಸಿ ನೋಡಿದ್ದರೆ ಅಷ್ಟು ತಿಂಗಳು ಹೋಗುತ್ತಿರಲಿಲ್ಲ.

ಇನ್ನೊಂದು ಸಬೂಬನ್ನೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ: ಪ್ರತಿ ವರ್ಷ ಎಮಿಷನ್ ಟೆಸ್ಟ್ ಪಾಸಾಗುತ್ತಿದೆ, ಮತ್ತೇಕೆ ರೀಕಾಲ್? ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನಲ್ಲಿ ನಡೆಯುವ ಆ ಪರೀಕ್ಷೆ ಡೀಸೆಲ್ ಗಾಡಿಗಳಲ್ಲಿ ಅಳೆಯುವುದು ಹೊಗೆಯ ಗಾಢತೆಯನ್ನು ಮಾತ್ರ. ಆಕ್ಸಿಲರೇಟರ್ ಒತ್ತಿ ಬಿಡುತ್ತಾರೆ, ಕೊಳವೆ ಇಡುತ್ತಾರೆ, ಬಿಎಸ್ 4 ಗಾಡಿಗೆ ಮಿತಿ 1.62, ಚೀಟಿ ಬರುತ್ತದೆ. ನೈಟ್ರೋಜನ್ ಆಕ್ಸೈಡನ್ನು ಅದು ನೋಡುವುದೇ ಇಲ್ಲ. ಕಣ್ಣಿಗೆ ಕಾಣದ ಅನಿಲದ ವಿಷಯದಲ್ಲಿ ಆ ಚೀಟಿ ನನ್ನ ಪರ ಸಾಕ್ಷಿ ನುಡಿಯಲಾರದು.

ನನ್ನ ಭಾವ ಮಾತ್ರ "ಊರಿಗೆ ಉಪಕಾರಿ, ಮನೆಗೆ ಮಾರಿ ಆಗಬೇಡಿ ಭಾವಾ" ಎಂದು ತಡೆಯುತ್ತಿದ್ದರು. ಅವರ ಮಾತಿನಲ್ಲಿ ಈ ತೀರ್ಮಾನದ ತಿರುಳಿತ್ತು. ತೊಂದರೆಯೇನಾದರೂ ಆದರೆ ಅದು ನನ್ನ ಜೇಬಿಗೆ, ಲಾಭವಾದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನನ್ನ ಸೈಲೆನ್ಸರಿನ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡವರ ಎದೆಗೂಡಿಗೆ. ಮಾಲೀಕನ ಲೆಕ್ಕವನ್ನಷ್ಟೇ ಹಾಕಿದರೆ ಯಾರೂ ಮಾಡಿಸುವುದಿಲ್ಲ. ನಾನು ಹಾಕಿದ ಲೆಕ್ಕ ಬೇರೆ: ನನಗಾಗಬಹುದಾದ ನಷ್ಟಕ್ಕೆ ಗರಿಷ್ಠ ಮಿತಿ ಏನು? ಇಜಿಆರ್ ಬಿಚ್ಚಿ ತೊಳೆಸುವ ಅಥವಾ ಬದಲಿಸುವ ಖರ್ಚು. ಅದನ್ನು ತಡೆದುಕೊಳ್ಳಬಲ್ಲೆ ಅನಿಸಿದ ದಿನ ಸಮಯ ಗೊತ್ತುಮಾಡಿದೆ.

ಸರ್ವಿಸ್ ಸೆಂಟರಿನಲ್ಲಿ ಪಕ್ಕದಲ್ಲೇ ನಿಂತು ನೋಡಲು ಅನುಮತಿ ಕೇಳಿದೆ, ಕೊಟ್ಟರು. 2.0 ಲೀಟರ್ ಎಂಜಿನ್ನಿಗೆ ಸಾಫ್ಟ್‌ವೇರ್ ಬದಲಾವಣೆ ಮಾತ್ರ ಸಾಕು, 1.6ಕ್ಕೆ ಒಂದು ಸಣ್ಣ ಭಾಗವನ್ನೂ ಕೂರಿಸುತ್ತಾರೆ. ಮೆಕ್ಯಾನಿಕ್ ಅದನ್ನು ನನ್ನ ಕೈಗೇ ಕೊಟ್ಟರು: ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ಕಿನ ಬಳೆ, ನಡುವೆ ಜೇನುಗೂಡಿನಂಥ ಜಾಲರಿ, ತೂಕವೇ ಇಲ್ಲ. "ಇಷ್ಟೇ ಸಾರ್, ಇದಕ್ಕೇ ಪ್ರಪಂಚವೆಲ್ಲ ಗಲಾಟೆ" ಎಂದು ನಕ್ಕರು. ಏರ್ ಫಿಲ್ಟರ್ ದಾಟಿ ಬರುವ ಗಾಳಿ ಸುಳಿಸುಳಿಯಾಗಿರುತ್ತದೆ. ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನ ಮುಂದೆ ಈ ಜಾಲರಿ ಇದ್ದರೆ ಗಾಳಿ ನೇರವಾಗಿ ಹರಿದು ಅಳತೆ ಕರಾರುವಾಕ್ಕಾಗುತ್ತದೆ, ಆ ಅಳತೆಯನ್ನು ನಂಬಿ ಹೊಸ ಸಾಫ್ಟ್‌ವೇರ್ ಇಂಧನವನ್ನೂ ಇಜಿಆರ್ ಅನ್ನೂ ಹೊಂದಿಸುತ್ತದೆ. ಬಳಿಕ ಬ್ಯಾಟರಿಗೆ ಚಾರ್ಜರ್ ಹಾಕಿ, ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪಿನ ಪಟ್ಟಿ ತುಂಬುವವರೆಗೆ ಬಾಗಿಲು ತೆರೆಯಬೇಡಿ ಎಂದರು. ಎಲ್ಲ ಸೇರಿ ಒಂದು ಗಂಟೆಯೊಳಗೆ ಮುಗಿಯಿತು, ಬಿಲ್ ಸೊನ್ನೆ.

ಇನ್ನು ಅಂಕಿಗಳು. ನಾನು ಟ್ಯಾಂಕಿನ ಬಾಯಿವರೆಗೆ ತುಂಬಿಸಿ ಲೆಕ್ಕ ಹಾಕುವವನು. ರೀಕಾಲ್‌ಗೆ ಮುಂಚಿನ ಎರಡು ವರ್ಷದ ಸರಾಸರಿ ಬೆಂಗಳೂರಿನೊಳಗೆ ಲೀಟರಿಗೆ 14.2 ಕಿಲೋಮೀಟರ್, ಮೈಸೂರು ರಸ್ತೆಯಲ್ಲಿ 19.8, ನಂತರದ ಎರಡು ವರ್ಷ 13.9 ಮತ್ತು 19.6. ಏಸಿ, ಟ್ರಾಫಿಕ್, ಟೈರುಗಳ ವ್ಯತ್ಯಾಸದಲ್ಲೇ ಮುಳುಗಿಹೋಗುವ ಅಂತರವಿದು. 250 ಎನ್‌ಎಂ ಟಾರ್ಕ್ ಇರುವ ಎಂಜಿನ್ನಿಗೆ 1,500 ಆರ್‌ಪಿಎಮ್ ಆಸುಪಾಸಿನಲ್ಲಿ ಮೊದಲಿದ್ದ ಸ್ವಭಾವ ಹಾಗೆಯೇ ಇದೆ. ಐಡ್ಲಿಂಗಿನಲ್ಲಿ ಸದ್ದು ಸ್ವಲ್ಪ ಬದಲಾಯಿತು. ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಬೇರೆ. ಮನೆಯವರಿಗೆ ಕೇಳಿಸಲಿಲ್ಲ.

ನಾಲ್ಕನೇ ತಿಂಗಳಲ್ಲಿ ಒಂದು ಪ್ರಸಂಗ ನಡೆಯಿತು, ಅದನ್ನು ಹೇಳದಿದ್ದರೆ ವಿಮರ್ಶೆ ಪ್ರಾಮಾಣಿಕವಾಗದು. ನೈಸ್ ರಸ್ತೆಯಲ್ಲಿ ಓವರ್‌ಟೇಕ್ ಮಾಡಲು ಹೋದರೆ ಗಾಡಿ ಎಳೆಯಲೊಲ್ಲದು, ಕನ್ನಡಿಯಲ್ಲಿ ಕಪ್ಪು ಹೊಗೆ. ಆಯಿತು, ಎಲ್ಲರೂ ಹೇಳಿದ್ದು ನಿಜವಾಯಿತು ಎಂದು ರೀಕಾಲನ್ನು ಶಪಿಸಿಕೊಂಡೇ ಮನೆ ಸೇರಿದೆ. ಮರುದಿನದ ತನಕ ಸಿಕ್ಕವರಿಗೆಲ್ಲ "ಮಾಡಿಸಲೇಬೇಡಿ" ಎಂದೂ ಹೇಳಿದೆ. ಬಾನೆಟ್ ತೆಗೆದು ನೋಡಿದರೆ, ಹಿಂದಿನ ವಾರ ಏರ್ ಫಿಲ್ಟರ್ ಬದಲಿಸಿದ್ದ ನಮ್ಮ ಬೀದಿಯ ಗ್ಯಾರೇಜಿನ ಹುಡುಗ ಟರ್ಬೋ ಕೊಳವೆಯ ಕ್ಲಿಪ್ಪನ್ನು ಸರಿಯಾಗಿ ಕೂರಿಸಿರಲಿಲ್ಲ, ಗಾಳಿ ಸೋರುತ್ತಿತ್ತು. ಒಂದು ಸ್ಕ್ರೂಡ್ರೈವರ್, ಎರಡು ನಿಮಿಷ. ರೀಕಾಲ್ ಆದ ಗಾಡಿಯಲ್ಲಿ ಆಮೇಲೆ ಏನು ಕೆಟ್ಟರೂ ದೋಷ ಅದರ ಮೇಲೆಯೇ ಹೋಗುತ್ತದೆ. ಎಂಟು, ಹತ್ತು ವರ್ಷ ಓಡಿದ ಗಾಡಿಯ ಇಜಿಆರ್ ರೀಕಾಲ್ ಇಲ್ಲದೆಯೂ ಕಟ್ಟಿಕೊಳ್ಳುತ್ತದೆ, ಅದರಲ್ಲೂ ದಿನಕ್ಕೆ ನಾಲ್ಕು ಕಿಲೋಮೀಟರ್ ಮಾತ್ರ ಓಡಿಸುವವರಲ್ಲಿ. ನನ್ನ ಗಾಡಿಯ ವಾಲ್ವನ್ನು 1,12,000ದಲ್ಲಿ ಮುನ್ನೆಚ್ಚರಿಕೆಗೆಂದು ಬಿಚ್ಚಿ ತೊಳೆಸಿದೆ. ಮಸಿ ಇತ್ತು, ಆದರೆ ವಾಲ್ವ್ ಸಲೀಸಾಗಿ ಆಡುತ್ತಿತ್ತು.

ಇಷ್ಟಾಗಿಯೂ ಈ ತಿದ್ದುಪಡಿಯನ್ನು ಪರಿಪೂರ್ಣವೆಂದು ನಾನು ಕರೆಯುವುದಿಲ್ಲ. ಯೂರೋಪಿನ ಕಾರುಗಳಿಗೆ ಹಾಕಿದ ಇದೇ ಬಗೆಯ ಅಪ್‌ಡೇಟ್‌ನಲ್ಲಿ ಹೊರಗಿನ ಉಷ್ಣಾಂಶ 15ರಿಂದ 33 ಡಿಗ್ರಿ ನಡುವೆ ಇದ್ದಾಗ, ಅದೂ 1,000 ಮೀಟರಿಗಿಂತ ಕೆಳಗಿದ್ದಾಗ ಮಾತ್ರ ಇಜಿಆರ್ ಪೂರ್ಣವಾಗಿ ಕೆಲಸ ಮಾಡುತ್ತದೆ ಎಂಬ ವಿಷಯ ಯೂರೋಪಿಯನ್ ನ್ಯಾಯಾಲಯದ ಮುಂದೆ ಬಂತು. ವರ್ಷದ ಬಹುಪಾಲು ಹೊಗೆ ನಿಯಂತ್ರಣವನ್ನು ಸಡಿಲಿಸುವ ಇಂಥ ಏರ್ಪಾಡಿಗೆ ಸಮರ್ಥನೆಯಿಲ್ಲ ಎಂದು ಅದು 2022ರ ಜುಲೈ 14ರಂದು ತೀರ್ಪಿತ್ತಿತು. ಆ ಮಿತಿಗಳನ್ನು ನಮ್ಮ ಭೂಪಟದ ಮೇಲೆ ಇಟ್ಟು ನೋಡಿದರೆ ಸುಮಾರು 920 ಮೀಟರಿನ ಬೆಂಗಳೂರು ಒಳಗೆ ಉಳಿಯುತ್ತದೆ, 1,100 ಮೀಟರ್ ದಾಟಿದ ಮಡಿಕೇರಿ ಹೊರಗೆ. ಭಾರತದ ಗಾಡಿಗಳಿಗೆ ಸಂಬಂಧಿಸಿದ ತೀರ್ಪು ಅದಲ್ಲ, ಆದರೂ ಮಡಿಕೇರಿ ಘಾಟಿ ಹತ್ತುವಾಗ ನೆನಪಾಗುತ್ತದೆ.

ನನ್ನ ಸ್ಥಿತಿಯಲ್ಲಿರುವವರು, ಅಂದರೆ ಡಿಪಿಎಫ್ ಇಲ್ಲದ 1.6 ಇಟ್ಟುಕೊಂಡು ಆಗಾಗ ಹೆದ್ದಾರಿಯಲ್ಲಿ ಓಡಿಸುವವರು ಮಾಡಿಸಿಕೊಳ್ಳಬಹುದು ಎನ್ನುತ್ತೇನೆ. ರಿಮ್ಯಾಪ್ (ಹೊರಗೆ ಎಂಜಿನ್ ಸಾಫ್ಟ್‌ವೇರ್ ತಿದ್ದಿಸುವುದು) ಮಾಡಿಸಿದವರು ಮಾತ್ರ ಮೊದಲೇ ತಿಳಿಸಿರಿ, ಹೊಸ ಸಾಫ್ಟ್‌ವೇರ್ ಅದನ್ನು ಅಳಿಸಿಹಾಕುತ್ತದೆ. ಇಜಿಆರ್ ಈಗಾಗಲೇ ತೊಂದರೆ ಕೊಡುತ್ತಿದ್ದರೆ ಅದನ್ನು ಸರಿಪಡಿಸಿಕೊಂಡೇ ಹೋಗಿರಿ, ಇಲ್ಲವಾದರೆ ಹಳೆಯ ರೋಗ ಯಾವುದು ಹೊಸದು ಯಾವುದು ಎಂದು ತಿಳಿಯದೆ ಒದ್ದಾಡುತ್ತೀರಿ. ಹೋಗುವ ಮುನ್ನ ಮೂರು ಟ್ಯಾಂಕಿನ ಮೈಲೇಜ್ ಬರೆದಿಟ್ಟುಕೊಳ್ಳಿರಿ. ಕೆಲಸ ಮುಗಿದ ಮೇಲೆ ಜಾಬ್ ಕಾರ್ಡಿನಲ್ಲಿ ಹಳೆಯ ಮತ್ತು ಹೊಸ ಸಾಫ್ಟ್‌ವೇರ್ ಸಂಖ್ಯೆಗಳೆರಡನ್ನೂ ಬರೆಸಿಕೊಳ್ಳಿರಿ. ನಾನು ಕೇಳಿದ ಮೇಲಷ್ಟೇ ಬರೆದುಕೊಟ್ಟರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾರುವವರ ಬಾಯಿಮಾತು ಬಿಟ್ಟು, ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲೇ ವಿಚಾರಿಸಬೇಕು.

ಆರ್‌ಸಿ ಹದಿನೈದು ವರ್ಷ ತುಂಬುವುದು 2027ಕ್ಕೆ. ನವೀಕರಿಸಿಕೊಂಡು ಓಡಿಸುವ ಯೋಚನೆ ಇರುವುದರಿಂದ ಸದ್ಯಕ್ಕೆ ಟೈಮಿಂಗ್ ಬೆಲ್ಟಿಗೆ ದುಡ್ಡು ಎತ್ತಿಟ್ಟಿದ್ದೇನೆ.