ಎಚ್‌ಎಂವಿ 102 ಪೋರ್ಟಬಲ್ ಗ್ರಾಮಫೋನ್: ವರ್ಷಗಟ್ಟಲೆ ಬಳಸಿದ ಮೇಲೆ

ಕೀ ಕೊಟ್ಟು ನುಡಿಸುವ ಗ್ರಾಮಫೋನ್‌ಗಳನ್ನು ಹುಡುಕಿ ತಂದು ರಿಪೇರಿ ಮಾಡುವ ಹುಚ್ಚು ನನಗೆ ಹಿಡಿದು ಬಹಳ ವರ್ಷವಾಯಿತು. ಮನೆಯಲ್ಲಿ ಬೇರೆ ಬೇರೆ ಯಂತ್ರಗಳಿವೆ. ಆದರೂ ಹಾಡು ಕೇಳಬೇಕು ಅನ್ನಿಸಿದಾಗ ಕೈ ಹೋಗುವುದು ಎಚ್‌ಎಂವಿ 102ರ ಕಡೆಗೇ. 1931ರಲ್ಲಿ ಬಂದ ಈ ಪೆಟ್ಟಿಗೆ 1950ರ ದಶಕದಲ್ಲೂ ತಯಾರಾಗುತ್ತಿತ್ತು. ಹಾಗಾಗಿ ಇವತ್ತಿಗೂ ಹುಡುಕಿದರೆ ಸಿಗುತ್ತದೆ, ಬಿಡಿಭಾಗಗಳೂ ಸಿಗುತ್ತವೆ. ಮೊದಲ ಗ್ರಾಮಫೋನ್ ಯಾವುದು ಕೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಷರತ್ತು ಒಂದೇ, ಸೌಂಡ್ ಬಾಕ್ಸ್ ಆರೋಗ್ಯವಾಗಿರಬೇಕು.

ಕೊಳ್ಳುವವರು ಮೊದಲು ನೋಡುವುದು ಹೊರಗಿನ ಕಪ್ಪು ಹೊದಿಕೆ, ಮೂಲೆಯ ತುಕ್ಕು, ಹಿಡಿಕೆ. ಅವೆಲ್ಲ ಆಮೇಲೆ ಸರಿಮಾಡಬಹುದು. ಸೂಜಿಯ ಅಲುಗಾಟವನ್ನು ದನಿಯಾಗಿಸುವುದು ಟೋನ್ ಆರ್ಮ್ ಎಂಬ, ರೆಕಾರ್ಡ್ ಮೇಲೆ ಚಾಚುವ ಕೊಳವೆಯ ತುದಿಯ ಆ ದುಂಡನೆಯ ಸೌಂಡ್ ಬಾಕ್ಸ್. 102ರಲ್ಲಿ ಸಾಮಾನ್ಯವಾಗಿ 5ಎ ಅಥವಾ 5ಬಿ ಮಾದರಿಯ ಸೌಂಡ್ ಬಾಕ್ಸ್ ಇರುತ್ತದೆ. ಒಳಗೆ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ, ಅದರ ಅಂಚಿಗೆ ರಬ್ಬರ್. ಆ ಕಾಲದ ಎಷ್ಟೋ ಸೌಂಡ್ ಬಾಕ್ಸ್‌ಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದಾರೆ. ಅದರಲ್ಲಿ ಸ್ವಲ್ಪ ಸೀಸ ಸೇರಿದ್ದರೂ ಸಾಕು, ದಶಕಗಳು ಕಳೆದಂತೆ ಲೋಹ ಒಳಗಿಂದಲೇ ಉಬ್ಬಿ ಬಿರುಕು ಬಿಡುತ್ತದೆ. ಒಮ್ಮೆ ಬಿರುಕು ಬಿಟ್ಟರೆ ಅದಕ್ಕೆ ಮದ್ದಿಲ್ಲ. ಟೋನ್ ಆರ್ಮ್‌ಗೆ ಅಂಟಿಕೊಂಡಿದ್ದರೆ ದಯವಿಟ್ಟು ತಿರುಚಿ ಎಳೆಯಬೇಡಿ, ಕೈಯಲ್ಲೇ ಪುಡಿಯಾಗುತ್ತದೆ.

ಲೋಹ ಗಟ್ಟಿಯಾಗಿದ್ದು ದನಿ ಮಾತ್ರ ಕರಕರ ಅನ್ನುತ್ತಿದ್ದರೆ ಹೆದರಬೇಡಿ. ಹೆಚ್ಚಾಗಿ ಅದು ಒಣಗಿದ ರಬ್ಬರ್‌ನ ತಾಪತ್ರಯ. ಮೆತ್ತನೆಯ ಹೊಸ ರಬ್ಬರ್ ಹಾಕಿದರೆ ಆಗುವ ವ್ಯತ್ಯಾಸ ಕೇಳಿಯೇ ನಂಬಬೇಕು. ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ, ಸಣ್ಣ ಸ್ಕ್ರೂ ಉರುಳಿ ಹೋಗುವುದಿಲ್ಲ. ಅಲ್ಯೂಮಿನಿಯಂ ಹಾಳೆಗೆ ಬೆರಳು ತಾಗಿಸಬೇಡಿ.

ದನಿಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. 1925ರಿಂದ ಮೈಕ್ ಇಟ್ಟು ವಿದ್ಯುತ್ ವಿಧಾನದಲ್ಲಿ ಧ್ವನಿಮುದ್ರಣ ಶುರುವಾಯಿತು. ಆ ರೆಕಾರ್ಡ್‌ಗಳು ಇದರಲ್ಲಿ ತುಂಬ ಚೆನ್ನಾಗಿ ಕೇಳುತ್ತವೆ. ಹಾಡುವ ದನಿ, ಪಿಟೀಲು, ಕ್ಲಾರಿನೆಟ್ ಎದುರಿಗೇ ಇದ್ದಂತೆ. ತಗ್ಗಿನ ನಾದ ಮಾತ್ರ ಕಡಿಮೆ. ಅಷ್ಟು ಚಿಕ್ಕ ಪೆಟ್ಟಿಗೆಯೊಳಗೆ ಹಾರ್ನ್ ಮಡಚಿಟ್ಟಿದ್ದಾರೆ, ಅದಕ್ಕಿಂತ ಜಾಸ್ತಿ ಕೇಳುವುದು ನ್ಯಾಯವಲ್ಲ. ಸದ್ದು ಏರಿಸಿ ಇಳಿಸುವ ಗುಂಡಿ ಇಲ್ಲ. ತೆಳ್ಳನೆಯ ಸೂಜಿ ಹಾಕಿದರೆ ಮೆಲ್ಲಗೆ, ದಪ್ಪನೆಯದಕ್ಕೆ ಜೋರು.

ಮೋಟಾರು ಒಂದೇ ಸ್ಪ್ರಿಂಗಿನದು. ರೆಕಾರ್ಡ್‌ನ ಪ್ರತಿ ಮುಖಕ್ಕೂ ಮೊದಲು ಕೀ ಕೊಡುವುದು ನನ್ನ ಅಭ್ಯಾಸ. ಹಾಡಿನ ನಡುವೆ 'ಧಡ್' ಅಂತ ಸದ್ದು ಬಂದು ರೆಕಾರ್ಡ್ ಜಿಗಿಯುತ್ತಿದ್ದರೆ ಸ್ಪ್ರಿಂಗಿನ ಹಳೆಯ ಗ್ರೀಸ್ ಗಟ್ಟಿಯಾಗಿದೆ ಅಂತ ಅರ್ಥ. ಸುರುಳಿಗಳು ಅಂಟಿಕೊಂಡು ಒಮ್ಮೆಲೇ ಬಿಡುತ್ತವೆ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಗ್ರಾಫೈಟ್ ಗ್ರೀಸ್ ಹಚ್ಚಿದರೆ ನೆಟ್ಟಗಾಗುತ್ತದೆ. ಆದರೆ ಇದು ಅಪಾಯದ ಕೆಲಸ. ಕೀ ಪೂರ್ತಿ ಇಳಿದಿದ್ದರೂ ಡಬ್ಬಿಯೊಳಗಿನ ಸ್ಪ್ರಿಂಗ್ ಬಿಗಿಯಾಗಿಯೇ ಕುಳಿತಿರುತ್ತದೆ, ಹೊರಗೆ ಸಿಡಿದರೆ ಕೈ ಕತ್ತರಿಸುತ್ತದೆ. ದಪ್ಪ ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಧೈರ್ಯ ಸಾಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ, ಅದರಲ್ಲಿ ಸಂಕೋಚ ಯಾಕೆ?

ವೇಗ ನೋಡುವುದು ಸುಲಭ. ರೆಕಾರ್ಡ್ ಕೆಳಗೆ ಕಾಗದದ ಚೂರು ಸಿಕ್ಕಿಸಿ, ಹಾಡು ನಡೆಯುತ್ತಿರುವಾಗ ಅರ್ಧ ನಿಮಿಷ ಎಣಿಸಿ. ಈ ರೆಕಾರ್ಡ್‌ಗಳದು ನಿಮಿಷಕ್ಕೆ 78 ಸುತ್ತು, ಹಾಗಾಗಿ 39 ಸುತ್ತು ಬಂದರೆ ಸರಿ. ಶ್ರುತಿ ಓಲಾಡುತ್ತಿದ್ದರೆ ಮೋಟಾರಿನ ವೇಗವನ್ನು ಒಂದೇ ಸಮ ಇಡುವ ಗವರ್ನರ್ ನೋಡಿ. ಅದರ ಗುಂಡುಗಳನ್ನು ಹಿಡಿದ ತೆಳು ಪಟ್ಟಿಗಳಲ್ಲಿ ಒಂದು ಮುರಿದಿದ್ದರೂ ಹಾಗಾಗುತ್ತದೆ.

ನನಗೆ ಇಷ್ಟವಾಗದ್ದು ಆಟೋಮ್ಯಾಟಿಕ್ ಬ್ರೇಕ್. ಕೊನೆಯಲ್ಲಿ ಸೂಜಿಯನ್ನು ಒಳಗೆಳೆಯುವ ಗೆರೆ ಇರುವ ರೆಕಾರ್ಡ್‌ಗೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಹಳೆಯ ರೆಕಾರ್ಡ್ ಎಷ್ಟೋ ಇದ್ದಲ್ಲೇ ಸುತ್ತುತ್ತಿರುತ್ತವೆ. ನಾನು ಕೈಯಿಂದಲೇ ನಿಲ್ಲಿಸುತ್ತೇನೆ.

ಇನ್ನು ಸೂಜಿ. ಉಕ್ಕಿನ ಸೂಜಿ ಒಂದು ಮುಖಕ್ಕೆ ಒಂದು, ಅದರಲ್ಲಿ ಜಿಪುಣತನ ಬೇಡ. ಅರಗಿನ ರೆಕಾರ್ಡ್‌ನಲ್ಲಿ ಕಲ್ಲಿನ ಪುಡಿ ಬೆರೆಸಿರುತ್ತಾರೆ. ಅದು ಸೂಜಿಯನ್ನು ಗೆರೆಯ ಆಕಾರಕ್ಕೆ ಉಜ್ಜುತ್ತದೆ. ಅದೇ ಸೂಜಿಯನ್ನು ಇನ್ನೊಂದು ಮುಖಕ್ಕೆ ಇಟ್ಟರೆ ಚೂಪಾದ ಅಂಚುಗಳು ಗೆರೆಯನ್ನು ಕೊರೆಯುತ್ತವೆ. ವಿನೈಲ್ ರೆಕಾರ್ಡ್ ಅಂತೂ ಇದರ ಮೇಲೆ ಇಡಲೇಬಾರದು, ಸೌಂಡ್ ಬಾಕ್ಸ್‌ನ ಭಾರಕ್ಕೆ ಒಂದೇ ಸಲಕ್ಕೆ ಹಾಳು. ಅಪರೂಪದ 78 ಸುತ್ತಿನ ರೆಕಾರ್ಡ್‌ಗಳನ್ನು ನಾನು ಹಗುರ ಪಿಕಪ್ ಇರುವ ವಿದ್ಯುತ್ ಟರ್ನ್‌ಟೇಬಲ್‌ನಲ್ಲಿ ಕೇಳುತ್ತೇನೆ. ಒರೆಸಲು ಸ್ಪಿರಿಟ್ ಬೇಡ, ಅರಗು ಕರಗುತ್ತದೆ.

ಹೊಳೆಯುವ ದೊಡ್ಡ ಹಿತ್ತಾಳೆ ಹಾರ್ನ್ ಇರುವ 'ಪುರಾತನ' ಗ್ರಾಮಫೋನ್‌ಗಳಿಂದ ದೂರವಿರಿ. ಅವುಗಳಲ್ಲಿ ಹೆಚ್ಚಿನವು ಈಚೆಗೆ ಮಾಡಿದ ಪೆಟ್ಟಿಗೆಗಳು, ಒಳಗೆ ಕಿತ್ತುಹಾಕಿದ ಪೋರ್ಟಬಲ್‌ನ ಮೋಟಾರು. ಅದೇ ದುಡ್ಡಿಗೆ ಒಳ್ಳೆಯ 102 ಹುಡುಕಬಹುದು. ನೋಡಲು ಹೋಗುವಾಗ ಭೂತಗನ್ನಡಿ, ಟಾರ್ಚ್, ಹೊಸ ಸೂಜಿಗಳು, ಸವೆದರೂ ಪರವಾಗಿಲ್ಲ ಅನ್ನುವ ಒಂದು ರೆಕಾರ್ಡ್ ಜೊತೆಗಿರಲಿ. ಒಂದು ಮುಖ ಪೂರ್ತಿ ಕೇಳದೆ ದುಡ್ಡು ಕೊಡಬೇಡಿ.