ಒದ್ದೆ ಕಾಡಿನ ಜೇಕು: ರಿಮೋಟಾನಾ, ಸಿಲ್ವಾಟಿಕಾನಾ?

ಬ್ರಿಟನ್ನಿನ ಒದ್ದೆ ಕಾಡುಗಳ ನೆರಳಿನಲ್ಲಿ ಬೆಳೆಯುವ ಸ್ಥಳೀಯ ಜೇಕುಗಳಲ್ಲಿ ಹೊಸಬರಿಗೆ ಜಾಸ್ತಿ ಗೊಂದಲ ಆಗುವುದು ಕೇರೆಕ್ಸ್ ರಿಮೋಟಾ ಮತ್ತು ಕೇರೆಕ್ಸ್ ಸಿಲ್ವಾಟಿಕಾ ನಡುವೆ. ಎರಡೂ ಹಸಿರು ಪೊದೆ, ಎರಡರ ಕಡ್ಡಿಯೂ ಬಾಗುತ್ತದೆ.

ಹೂವಿಲ್ಲದಾಗ ಎಲೆಯ ಅಗಲ ನೋಡಿ. ರಿಮೋಟಾದ್ದು ಸುಮಾರು 2 ಮಿ.ಮೀ., ಸಿಲ್ವಾಟಿಕಾದ್ದು 3ರಿಂದ 6 ಮಿ.ಮೀ. ಆದರೆ ಎಲೆಯೊಂದನ್ನೇ ನಂಬಿ ಹೆಸರು ಬರೆದುಕೊಳ್ಳಬೇಡಿ.

ತೆನೆ ಬಂದ ಮೇಲೆ ಅನುಮಾನವೇ ಉಳಿಯುವುದಿಲ್ಲ. ರಿಮೋಟಾದಲ್ಲಿ ಪುಟ್ಟ ತೆನೆಗಳು ತೊಟ್ಟಿಲ್ಲದೆ ಕಡ್ಡಿಗೇ ಅಂಟಿಕೊಂಡಿರುತ್ತವೆ. ಕೆಳಗಿನವು ಒಂದರಿಂದೊಂದು ತುಂಬಾ ದೂರ. ಅವುಗಳ ಬುಡದಿಂದ ಹೊರಡುವ ಎಲೆಯಂಥ ಎಸಳು ಕಡ್ಡಿಯ ತುದಿಯನ್ನೂ ದಾಟಿ ಚಾಚಿರುತ್ತದೆ. ನನಗಂತೂ ಇದೇ ಎಲ್ಲಕ್ಕಿಂತ ಗಟ್ಟಿ ಗುರುತು. ತೆನೆಗಳೆಲ್ಲ ನೋಡಲು ಒಂದೇ ತರಹ.

ಸಿಲ್ವಾಟಿಕಾದಲ್ಲಿ ಹಾಗಲ್ಲ. ತುದಿಯಲ್ಲಿ ಒಂದು ಸಣಕಲು ಗಂಡು ತೆನೆ. ಅದರ ಕೆಳಗೆ ಹೆಣ್ಣು ತೆನೆಗಳು ಉದ್ದ, ತೆಳು ತೊಟ್ಟುಗಳಿಂದ ಜೋತು ಬಿದ್ದಿರುತ್ತವೆ. ಲೆನ್ಸ್ ಇದ್ದರೆ ಹೆಣ್ಣು ಹೂವಿನ ತುದಿಯ ಎಳೆಗಳನ್ನು ಎಣಿಸಿ: ರಿಮೋಟಾದಲ್ಲಿ 2, ಸಿಲ್ವಾಟಿಕಾದಲ್ಲಿ 3. ಕಾಯಿಯೂ ಹಾಗೇ, ಮೊದಲನೆಯದು ಚಪ್ಪಟೆ, ಎರಡನೆಯದಕ್ಕೆ ಮೂರು ಏಣು.

ಜಾಗ? ನೀರು ನಿಲ್ಲುವ ಕೆಸರಾದರೆ ರಿಮೋಟಾ ಇರುವ ಸಾಧ್ಯತೆ ಹೆಚ್ಚು. ಸಿಲ್ವಾಟಿಕಾಕ್ಕೆ ತೇವದ ಜೇಡಿಮಣ್ಣು ಸಾಕು. ಕಾಡುದಾರಿಯ ಅಂಚಲ್ಲಿ ಎರಡೂ ಸಿಗುತ್ತವೆ ಅನ್ನಿ.

ಆಳೆತ್ತರದ ಗಿಡ, ಬೆರಳಗಲದ ಎಲೆ, ಗೇಣುದ್ದ ನೇತಾಡುವ ತೆನೆ ಕಂಡರೆ ಎರಡೂ ಅಲ್ಲ. ಅದು ಕೇರೆಕ್ಸ್ ಪೆಂಡ್ಯುಲಾ.