ಪರೀಕ್ಷೆ ದಿನದ ಉಚಿತ ಬಸ್: ಸೌಲಭ್ಯಕ್ಕೆ 5ಕ್ಕೆ 5, ತಿಳಿಸಿದ ರೀತಿಗೆ 5ಕ್ಕೆ 2

ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪರೀಕ್ಷೆಯ ದಿನ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಹಾಲ್ ಟಿಕೆಟ್ ತೋರಿಸಿದರೆ ಸಾಕು. ಬಹಳ ಒಳ್ಳೆಯ ಸೌಲಭ್ಯ. ಆದರೆ ಅದನ್ನು ಜನರಿಗೆ ತಿಳಿಸುವ ರೀತಿ ಸರಿಯಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಈ ಸಲ ಮನೆಯಲ್ಲಿ ಇಬ್ಬರು ಹತ್ತನೇ ಕ್ಲಾಸು: ನನ್ನ ಮಗ, ನಮ್ಮಲ್ಲೇ ಇದ್ದು ಓದುವ ನನ್ನ ತಂಗಿ ಮಗಳು. ಪರೀಕ್ಷಾ ಕೇಂದ್ರ ತಾಲ್ಲೂಕಿನಲ್ಲಿ, ನಮ್ಮೂರಿಂದ 18 ಕಿಲೋಮೀಟರ್. ಮೊದಲ ದಿನ ಕನ್ನಡ. ಎಂಟು ಗಂಟೆಯ ಬಸ್ಸಿಗೆ ಮೂವರೂ ಹತ್ತಿದೆವು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ. ನಾನು ಆಧಾರ್ ತೋರಿಸಿದೆ, ಜೀರೋ ಟಿಕೆಟ್ ಹರಿದುಕೊಟ್ಟರು. ಹುಡುಗಿಗೂ ಹಾಗೇ. ಮಗ ಹಾಲ್ ಟಿಕೆಟ್ ಚಾಚಿದ. ಕಂಡಕ್ಟರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದಕ್ಕೆ ಫ್ರೀ ಅಂತ ನಮಗೆ ಯಾರೂ ಹೇಳಿಲ್ಲಮ್ಮ. ಪಾಸ್ ಇದ್ರೆ ತೋರಿಸ್ಲಿ."

"ಅಣ್ಣ, ಪೇಪರಲ್ಲಿ ಬಂದಿದೆ."

"ಬಂದಿರಬೋದು. ಚೆಕಿಂಗ್‌ನವರು ಹತ್ತಿದ್ರೆ ತಲೆ ಎಣಿಸ್ತಾರೆ, ಟಿಕೆಟ್ ಎಣಿಸ್ತಾರೆ. ಒಂದು ಕಮ್ಮಿ ಬಂದ್ರೆ ನನ್ನ ಕೆಲಸಕ್ಕೇ ಕುತ್ತು ಬರುತ್ತೆ."

ಅವರ ಮೇಲೆ ನನಗೆ ಕೋಪ ಬರಲಿಲ್ಲ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಗ ಓದುವುದು ಊರ ಶಾಲೆಯಲ್ಲೇ, ನಡೆದು ಹೋಗುತ್ತಾನೆ, ಪಾಸ್ ಎಲ್ಲಿಂದ ಬರಬೇಕು? ದುಡ್ಡು ಕೊಟ್ಟೆ. ಅಲಂಕಾರ, ಛಂದಸ್ಸು ಬಾಯಲ್ಲಿ ಹೇಳಿಕೊಳ್ಳುತ್ತಿದ್ದ ಹುಡುಗ ಸುಮ್ಮನಾಗಿಬಿಟ್ಟ. ಹಾಲ್ ಟಿಕೆಟ್ಟಿನ ಪ್ಲಾಸ್ಟಿಕ್ ಕವರಿನ ತುದಿಯನ್ನು ಮಡಚುವುದು, ಬಿಡಿಸುವುದು. ಆಮೇಲೆ ಮೆಲ್ಲಗೆ, "ಅಮ್ಮ, ಬರೋವಾಗ್ಲೂ ಕೇಳ್ತಾರಾ?" ಅಂದ. ಅವನ ಜೇಬಿನಲ್ಲಿದ್ದದ್ದು 10 ರೂಪಾಯಿ. ನಾನು ಅಲ್ಲೇ ಇಳಿದು ವಾಪಸ್ ಬರಬೇಕಿತ್ತು, ಸಂಜೆಯೊಳಗೆ ಕೊಡಬೇಕಾದ ಎರಡು ಬ್ಲೌಸ್ ಬಾಕಿ ಇದ್ದವು. ಪರೀಕ್ಷೆಗೆ ಹೋಗುವ ಮಗುವಿನ ತಲೆಯಲ್ಲಿ ಬಸ್ ಚಾರ್ಜಿನ ಯೋಚನೆ ಇರಬಾರದು ಅಂತಲೇ ಅಲ್ಲವೇ ಈ ಸೌಲಭ್ಯ ಮಾಡಿರುವುದು?

ಸಂಜೆ ಅಂಗಡಿಯಿಂದ ಆ ಪೇಪರ್ ತಂದು ಮತ್ತೆ ಓದಿದೆ. ವಾಸಸ್ಥಳದಿಂದ ಪರೀಕ್ಷಾ ಕೇಂದ್ರಕ್ಕೆ, ಹೊರವಲಯ, ಸಾಮಾನ್ಯ, ವೇಗದೂತ ಅಂತೆಲ್ಲ ಇದೆ. ನಮ್ಮೂರಲ್ಲಿ ವೇಗದೂತ ಅನ್ನುವವರು ಒಬ್ಬರೂ ಇಲ್ಲ, ಎಕ್ಸ್‌ಪ್ರೆಸ್ ಅಂತೀವಿ. ಆದೇಶ ಬರೆದವರಿಗೆ ಗೊತ್ತಿರುವ ಮಾತು ಅದು, ಬಸ್ ಹತ್ತುವವರದ್ದಲ್ಲ. ಬಸ್ಸಿನ ಬಾಗಿಲಲ್ಲಾಗಲಿ, ನಿಲ್ದಾಣದ ಬೋರ್ಡಿನಲ್ಲಾಗಲಿ ಒಂದು ಚೀಟಿಯೂ ಇರಲಿಲ್ಲ.

ಶಕ್ತಿ ಯೋಜನೆ ನೋಡಿ. 2023ರ ಜೂನ್ 11ಕ್ಕೆ ಶುರುವಾಯಿತು. ನಮ್ಮ ಬೀದಿಯ ಓದು ಬಾರದ ಅಜ್ಜಿಗೂ ಈಗ ಎಲ್ಲ ಗೊತ್ತು: ಕರ್ನಾಟಕದ ವಿಳಾಸ ಇರುವ ಕಾರ್ಡ್ ಬೇಕು, ರಾಜಹಂಸ, ಐರಾವತಕ್ಕೆ ನಡೆಯಲ್ಲ, ಜೀರೋ ಟಿಕೆಟ್ ಇಳಿಯುವ ತನಕ ಬಿಸಾಡಬಾರದು. ದಿನಾ ನಡೆಯುವುದರಿಂದ ಬಾಯಿಂದ ಬಾಯಿಗೆ ಹೋಯಿತು. ವರ್ಷಕ್ಕೆ ಕೆಲವೇ ದಿನ ಇರುವ ಸೌಲಭ್ಯಕ್ಕೆ ಆ ಅನುಕೂಲ ಇಲ್ಲ. ಕಲಿಯುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. 2022ರ ಆಗಸ್ಟ್ 15ರಂದು, ಸ್ವಾತಂತ್ರ್ಯದ 75 ಮತ್ತು ತನ್ನ 25 ವರ್ಷಕ್ಕೆಂದು, ಬಿಎಂಟಿಸಿ ಬೆಂಗಳೂರಲ್ಲಿ ಇಡೀ ದಿನ ಎಲ್ಲರಿಗೂ ಉಚಿತ ಮಾಡಿತ್ತು, ಎಸಿ ಬಸ್ಸೂ ಸೇರಿ. ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಇಲ್ಲಿ ಹಾಗಲ್ಲ. ಯಾರಿಗೆ, ಯಾವ ದಿನ, ಯಾವ ಬಸ್ಸು, ವಾಪಸ್ ಬರಲೂ ಉಂಟೋ ಇಲ್ಲವೋ, ಎಲ್ಲ ಬಿಡಿಸಿ ಹೇಳಬೇಕು.

ನನ್ನ ಕೋರಿಕೆ ದೊಡ್ಡದಲ್ಲ. ಹಾಲ್ ಟಿಕೆಟ್ ಪ್ರತಿ ಮಗುವಿನ ಕೈಗೂ ಬರುತ್ತದೆ. ಅದರ ಮೇಲೇ ಎರಡು ಸಾಲು ಅಚ್ಚು ಹಾಕಿಸಿ. ಮಗುವಿಗೂ ಧೈರ್ಯ, ಕಂಡಕ್ಟರಿಗೂ ಆಧಾರ. ಬೆಳಿಗ್ಗೆ ಡಿಪೋದಿಂದ ಬಸ್ ಹೊರಡುವ ಮುಂಚೆ ಕಂಡಕ್ಟರ್ ಕೈಗೊಂದು ಚೀಟಿ ಕೊಡಿ. ಚೆಕಿಂಗ್‌ನವರಿಗೂ ಅದೇ ಚೀಟಿ ಹೋಗಲಿ.

ಗಣಿತದ ದಿನ ಬೇರೆ ಕಂಡಕ್ಟರ್ ಬಂದಿದ್ದರು, ವಯಸ್ಸಾದವರು. ನಾನು ಮಕ್ಕಳನ್ನು ಹತ್ತಿಸಿ ಕೆಳಗೇ ನಿಂತಿದ್ದೆ. ಬ್ಯಾಗಿಗೆ ಕೈ ಹಾಕುವ ಮೊದಲೇ ಗಟ್ಟಿಯಾಗಿ ಹೇಳಿದರು: "ಪರೀಕ್ಷೆಗೆ ಹೋಗೋ ಮಕ್ಕಳು ಹಾಲ್ ಟಿಕೆಟ್ ಕೈಯಲ್ಲಿಟ್ಕೊಳ್ಳಿ. ದುಡ್ಡು ಬೇಡ. ಮಧ್ಯಾಹ್ನ ಬರೋವಾಗ್ಲೂ ಬೇಡ." ಹಿಂದಿನ ಸೀಟಿನ ಮೂವರು ಹುಡುಗರು ಮುಷ್ಟಿಯಲ್ಲಿದ್ದ ಚಿಲ್ಲರೆಯನ್ನು ಜೇಬಿಗೆ ಹಾಕಿಕೊಂಡಿದ್ದು ಕಿಟಕಿಯಿಂದ ಕಾಣಿಸಿತು. ನನ್ನ ಮಗ ಪುಸ್ತಕ ತೆರೆದ.